ಬೀಗರ ದೇಶದ ಬಾಗಿಲುಗಳು: ಒಂದು ವಿವೇಚನೆ

ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸೀಮೆಯ ವಿವಾಹ ಪರಿಭಾಷೆಯಲ್ಲಿ ‘ಅಮೆರಿಕದ ಹುಡುಗ’ ಎಂಬುದು ಒಳಭೇದಗಳಿಲ್ಲದ ಒಂದೇ ವರ್ಗವಾಗಿದ್ದು, ಟೆಕ್ಸಾಸಿನಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟನ್ನೇ ಹೊಂದಿರುವವನು, ಗ್ರೀನ್ ಕಾರ್ಡ್ ಎಂಬ ಕಾಯಂ ವಾಸದ ಪರವಾನಗಿ ಪಡೆದೂ ಭಾರತದ ಪ್ರಜೆಯಾಗಿಯೇ ಉಳಿದವನು, ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಕಂಪನಿಯ ಕೃಪೆ ಇರುವಷ್ಟು ಕಾಲ ಅಲ್ಲಿರುವವನು, ಈ ಮೂವರಿಗೂ ಹೆಣ್ಣು ನೋಡುವ ದಿನ ಒಂದೇ ಅಳತೆಯ ಉಪ್ಪಿಟ್ಟು ಮತ್ತು ಕೇಸರಿಬಾತು ದೊರೆಯುತ್ತದೆ. ವಲಸೆ ಕಾನೂನು ಮಾತ್ರ ಇವರನ್ನು ಮೂರು ಬೇರೆ ಪಂಕ್ತಿಗಳಲ್ಲಿ ಕೂರಿಸುತ್ತದೆ. ಮೊದಲನೆಯವನ ಹೆಂಡತಿ ಪ್ರಜೆಯ ‘ಹತ್ತಿರದ ಬಂಧು’ವಾದುದರಿಂದ ಅವಳ ವರ್ಗಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ, ಎರಡನೆಯವನ ಹೆಂಡತಿ ವಾರ್ಷಿಕ ಮಿತಿಯುಳ್ಳ ಸರದಿಯಲ್ಲಿ ನಿಲ್ಲಬೇಕು, ಮೂರನೆಯವನ ಹೆಂಡತಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬೇಗನೆ ಹೋಗಬಹುದಾದರೂ, ಗಂಡನ ನೌಕರಿ ಹೋದರೆ ಅವಳ ವಾಸದ ಹಕ್ಕೂ ಅದರ ಹಿಂದೆಯೇ ಹೋಗುತ್ತದೆ. ಕುಜದೋಷವನ್ನು ಎರಡೆರಡು ಕಡೆ ತೋರಿಸಿ ಖಚಿತಪಡಿಸಿಕೊಳ್ಳುವ ಹಿರಿಯರು ಹುಡುಗನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ವಿಚಾರಿಸಲು ಮರೆಯುವುದು ಈ ಸೀಮೆಯ ಸಂಬಂಧ ವಿಚಾರಣಾ ಪದ್ಧತಿಯ ಒಂದು ಗಂಭೀರ ಲೋಪವೆಂದು ಹೇಳಬೇಕಾಗುತ್ತದೆ.

ವೀಸಾ ಎಂದರೆ ಒಂದು ದೇಶವು ಪರಪ್ರಜೆಗೆ ತನ್ನ ಹೊಸ್ತಿಲವರೆಗೆ ಬರಲು ಕೊಡುವ ಅನುಮತಿ. ಹೊಸ್ತಿಲು ದಾಟಿಸಿಕೊಳ್ಳುವುದೂ, ದಾಟಿದ ಮೇಲೆ ಎಷ್ಟು ದಿನ ಎಂದು ತೀರ್ಮಾನಿಸುವುದೂ ಅಲ್ಲಿ ನಿಂತಿರುವ ಅಧಿಕಾರಿಗೆ ಬಿಟ್ಟ ವಿಷಯ. ಆದ್ದರಿಂದಲೇ ಹತ್ತು ವರ್ಷ ಚಾಲ್ತಿಯಲ್ಲಿರುವ ಅಮೆರಿಕದ ಪ್ರವಾಸಿ ವೀಸಾ ದೊರೆತವರು ಹತ್ತು ವರ್ಷ ಅಲ್ಲಿರಬಹುದೆಂದು ಊರವರು ಭಾವಿಸಿದರೂ, ವಿಮಾನ ಇಳಿದಾಗ ಅವರಿಗೆ ಸಿಗುವುದು ಸಾಮಾನ್ಯವಾಗಿ ಆರು ತಿಂಗಳು. ವೀಸಾಗಳಲ್ಲಿ ಹೋಗಿ ಬರುವವರದು, ಹೋಗಿ ನೆಲೆಸುವವರದು ಎಂದು ಎರಡು ಮೂಲಭೇದಗಳಿದ್ದು, ಪರದೇಶದ ಪ್ರಜೆಯನ್ನು ಮದುವೆಯಾದವರ ಎಲ್ಲ ಸಂಕಟಗಳೂ ಈ ಭೇದದಿಂದಲೇ ಹುಟ್ಟುತ್ತವೆ. ಅಮೆರಿಕದ ವಲಸೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳಿ ಬಂದ ಯಾರೇ ಆಗಲಿ, ತಾನು ಹಿಂದಿರುಗುವವನೆಂದು ರುಜುವಾತುಪಡಿಸುವವರೆಗೆ, ಅಲ್ಲಿಯೇ ಉಳಿದುಬಿಡುವ ಆಸಾಮಿಯೆಂದೇ ಭಾವಿಸತಕ್ಕದ್ದು. ಹೀಗಾಗಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಪ್ರವಾಸಿ ವೀಸಾದ ಕಿಟಕಿಯಲ್ಲಿ ನಿಂತಾಗ, ಗಂಡನು ಆ ದೇಶದಲ್ಲಿದ್ದರೂ ತನಗೆ ನ್ಯಾಮತಿಯ ಸೆಳೆತವೇ ಹೆಚ್ಚೆಂದು ನಂಬಿಸಬೇಕು. ಅವಳೇ ಪತ್ನಿಯ ವೀಸಾದ ಕಿಟಕಿಗೆ ಹೋದಾಗ ಗಂಡನನ್ನು ಬಿಟ್ಟು ಒಂದು ಗಳಿಗೆಯೂ ಇರಲಾರೆನೆಂದು ನಂಬಿಸಬೇಕು. ಒಂದು ಕಿಟಕಿಯಲ್ಲಿ ವೈರಾಗ್ಯವೂ ಇನ್ನೊಂದರಲ್ಲಿ ಅನುರಾಗವೂ ಅಪೇಕ್ಷಿತವಾಗಿದ್ದು, ಭಾವಗಳನ್ನು ಅದಲುಬದಲು ಮಾಡಿದವರಿಗೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಇದನ್ನರಿಯದೆ ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಉಚಿತವಾಗಿ ದೊರೆಯುವ ಸಲಹೆ ಒಂದಿದೆ: ‘ಮೊದ್ಲು ಟೂರಿಸ್ಟ್ ವೀಸಾದಾಗ ಹೋಗ್ಲಿ ಬಿಡ್ರಿ, ಆಮ್ಯಾಲೆ ಅಲ್ಲೇ ನೋಡ್ಕೊಂಡ್ರಾತು.’ ಈ ಸಲಹೆಯ ಆಕರ್ಷಣೆ ಇರುವುದು ಅದು ಅರ್ಧ ನಿಜವಾಗಿರುವುದರಲ್ಲಿ. ಕಾನೂನುಬದ್ಧವಾಗಿ ಪ್ರವೇಶಿಸಿದ ಪ್ರಜೆಯ ಪತ್ನಿಯು ಅಮೆರಿಕದೊಳಗಿದ್ದುಕೊಂಡೇ ಕಾಯಂ ವಾಸಕ್ಕೆ ಅರ್ಜಿ ಹಾಕಲು ಅವಕಾಶವಿರುವುದು ಸತ್ಯ. ಆದರೆ ನೆಲೆಸುವ ಉದ್ದೇಶವನ್ನು ಮೊದಲೇ ಇಟ್ಟುಕೊಂಡು, ನಯಾಗರಾ ನೋಡಿ ಬರುತ್ತೇನೆಂದು ಹೇಳಿ ಹೋದದ್ದು ಸಾಬೀತಾದರೆ ಅದು ಸುಳ್ಳು ನಿರೂಪಣೆಯೆನಿಸಿ, ಜೀವನಪರ್ಯಂತ ಪ್ರವೇಶ ನಿಷೇಧದವರೆಗೂ ಮುಟ್ಟಬಹುದು. ಅಲ್ಲದೆ ಗಂಡನು ಪತ್ನಿಗಾಗಿ ಐ-130 ಎಂಬ ಅರ್ಜಿಯನ್ನು ಒಮ್ಮೆ ಸಲ್ಲಿಸಿದ ಮೇಲೆ, ‘ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿರುವರೇ’ ಎಂಬ ಪ್ರಶ್ನೆಗೆ ಪ್ರವಾಸಿ ವೀಸಾದ ನಮೂನೆಯಲ್ಲಿ ಹೌದೆಂದೇ ಬರೆಯಬೇಕಾಗುವುದರಿಂದ, ನಾಲ್ಕು ಎಕರೆ ಅಡಿಕೆ ತೋಟದ ಪಹಣಿಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿಯ ಮೊಹರು ಹಾಕಿಸಿ ಒಯ್ದರೂ ಅಧಿಕಾರಿಗೆ ಆ ತೋಟದ ಮೇಲೆ ಮೋಹ ಹುಟ್ಟುವುದು ಕಷ್ಟ. ಪಹಣಿಯೆಂದರೆ ಇಂಥ ಸರ್ವೆ ನಂಬರಿನ ಜಮೀನು ಯಾರ ಹೆಸರಿನಲ್ಲಿದೆ, ಅದರಲ್ಲಿ ಏನು ಬೆಳೆದಿದೆ ಎಂದು ಹೇಳುವ ದಾಖಲೆ. ಬೆಳೆದವಳ ಮನಸ್ಸು ಎಲ್ಲಿದೆಯೆಂಬ ಕಲಮು ಅದರಲ್ಲಿಲ್ಲ.

ಅಮೆರಿಕದ ಪ್ರಜೆಯನ್ನು ವರಿಸುವವರಿಗೆ ನೆಲೆಸುವ ಮಾರ್ಗಗಳು ಮುಖ್ಯವಾಗಿ ಎರಡು. ಒಂದನೆಯದು 1970ರಲ್ಲಿ ಜಾರಿಗೆ ಬಂದ ಕೆ-1 ಎಂಬ ಭಾವಿ ವಧೂವರರ ವೀಸಾ, ಇದರಲ್ಲಿ ಹೋದವರು ಆ ನೆಲ ಮುಟ್ಟಿದ 90 ದಿನಗಳೊಳಗೆ ಅರ್ಜಿ ಹಾಕಿದವನನ್ನೇ ಮದುವೆಯಾಗಬೇಕು. ಎರಡನೆಯದು ಇಲ್ಲಿಯೇ ಮದುವೆಯಾಗಿ ಪತ್ನಿಯಾಗಿಯೇ ಹೋಗುವ ಸಿಆರ್-1 ವೀಸಾ. ಕೆ-1 ಮಾರ್ಗವು ನ್ಯಾಮತಿಯ ಸಮಾಜಶಾಸ್ತ್ರಕ್ಕೆ ಸಂಪೂರ್ಣವಾಗಿ ವಿರುದ್ಧವಾಗಿದೆಯೆಂಬುದನ್ನು ಒತ್ತಿ ಹೇಳಬೇಕು. ಮೊದಲನೆಯದಾಗಿ, ಮದುವೆಯಾಗದ ಮಗಳನ್ನು ಭಾವಿ ವರನ ಮನೆಗೆ, ಅದೂ ಸಮುದ್ರದಾಚೆಗೆ, 90 ದಿನಗಳ ಗಡುವಿನ ಮೇಲೆ ಕಳುಹಿಸುತ್ತಿದ್ದೇವೆಂದು ಸೋದರಮಾವನಿಗೆ ವಿವರಿಸುವ ಹೊಣೆಯನ್ನು ಯಾವ ವಲಸೆ ವಕೀಲನೂ ಹೊರುವುದಿಲ್ಲ. ಎರಡನೆಯದಾಗಿ, ಇದನ್ನು ತಪ್ಪಿಸಲು ಹೊರಡುವ ಮುನ್ನ ‘ಸಣ್ಣದಾಗಿ, ಮನೆ ಮಟ್ಟಿಗೆ’ ತಾಳಿ ಕಟ್ಟಿಸಿಬಿಟ್ಟರೆ, ವಧುವು ಕಾನೂನಿನ ಕಣ್ಣಿನಲ್ಲಿ ಪತ್ನಿಯಾಗಿಬಿಟ್ಟು, ಭಾವಿ ಪತ್ನಿಯ ವೀಸಾಕ್ಕೆ ಅನರ್ಹಳಾಗುತ್ತಾಳೆ. ಈ ಸೀಮೆಯ ನಿಶ್ಚಿತಾರ್ಥಗಳಾದರೂ ಹೂವಿನ ಹಾರ, ರೇಷ್ಮೆ ಸೀರೆ, ಉಂಗುರ, ನೂರಾರು ಜನರ ಊಟಗಳಿಂದ ಕೂಡಿ ಎಷ್ಟು ಸಾಂಗವಾಗಿ ನಡೆಯುತ್ತವೆಂದರೆ, ಅದರ ಫೋಟೊ ನೋಡಿದ ಅಧಿಕಾರಿಯು ‘ಇದು ಮದುವೆಯಲ್ಲವೆಂದು ಹೇಗೆ ನಂಬುವುದು’ ಎಂದು ಕೇಳಿದರೆ ಅವನನ್ನು ದೂರುವಂತಿಲ್ಲ. ಇದೇ ವೀಸಾಕ್ಕೆ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕೆಂಬ ನಿಯಮವೂ, ಅಂಥ ಭೇಟಿಯು ಸಂಪ್ರದಾಯಕ್ಕೆ ತೀರ ವಿರುದ್ಧವಾಗಿದ್ದಲ್ಲಿ ವಿನಾಯಿತಿಯೂ ಇದೆ. ಆದರೆ ಹೆಣ್ಣು ನೋಡುವುದನ್ನೇ ಒಂದು ಶಾಸ್ತ್ರವನ್ನಾಗಿ ಮಾಡಿಕೊಂಡವರು ಈ ವಿನಾಯಿತಿಯನ್ನು ಕೇಳುವುದು ಸಭ್ಯತೆಯಾಗುವುದಿಲ್ಲ.

ಆದುದರಿಂದ ಉಳಿಯುವುದು ಸಿಆರ್-1. ಅಮೆರಿಕ ಪ್ರವೇಶಿಸುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತುಬದ್ಧ ಗ್ರೀನ್ ಕಾರ್ಡನ್ನು ಕೊಟ್ಟು, ಆ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ‘ಇನ್ನೂ ಜೊತೆಯಾಗಿದ್ದೀರಾ’ ಎಂದು ದಂಪತಿಗಳನ್ನು ಸರ್ಕಾರವೇ ವಿಚಾರಿಸುವ ಈ ಏರ್ಪಾಟಿನಲ್ಲಿ ಬಂಧುಬಳಗದ ಅನೇಕ ಗುಣಗಳಿವೆ. ಗಂಡನು ಆ ದೇಶದ ಬಡತನ ರೇಖೆಯ 125 ಪ್ರತಿಶತದಷ್ಟು ಆದಾಯವನ್ನು ತೋರಿಸಬೇಕೆಂಬ ನಿಯಮವನ್ನು ಓದಿದವರಿಗೆ, ವರನ ಸಂಬಳದ ವಿಷಯದಲ್ಲಿ ಅಮೆರಿಕ ಸರ್ಕಾರವು ನ್ಯಾಮತಿಯ ಹಿರಿಯರಿಗಿಂತ ಬಹಳ ಉದಾರಿಯಾಗಿದೆಯೆಂಬುದು ಹೊಳೆಯದಿರದು. ಮದುವೆ ನಿಜವೆಂದು ತೋರಿಸುವ ಸಾಕ್ಷ್ಯದ ವಿಷಯದಲ್ಲಿ ಮಾತ್ರ ಈ ಸೀಮೆಯವರು ಜಗತ್ತಿನಲ್ಲೇ ಶ್ರೀಮಂತರು. ತಾಯಿ ಕಡೆ ತಂದೆ ಕಡೆಯ ಐವತ್ತು ಹೆಸರುಗಳನ್ನು ‘ಸುಖಾಗಮನ ಬಯಸುವವರು’ ಎಂಬ ತಲೆಬರಹದ ಕೆಳಗೆ ತುಂಬಿಸಿದ ಲಗ್ನಪತ್ರಿಕೆ, ಯಾರು ಎಷ್ಟು ಹಾಕಿದರೆಂದು ಊರಿನ ಹೆಸರು ಸಹಿತ ಬರೆದಿಟ್ಟ ಮುಯ್ಯಿ ಪುಸ್ತಕ, ಪ್ರತಿಯೊಬ್ಬ ನೆಂಟನೂ ವಧೂವರರ ಪಕ್ಕ ಮುಖ ಬಿಗಿದು ನಿಂತಿರುವ ಆಲ್ಬಮ್ಮು, ಇವೆಲ್ಲ ಇರುವ ಮದುವೆಯನ್ನು ಸುಳ್ಳೆನ್ನಬೇಕಾದರೆ ಒಂದು ಹೋಬಳಿಯನ್ನೇ ಸುಳ್ಳೆನ್ನಬೇಕಾಗುತ್ತದೆ. ಇಷ್ಟಾದರೂ ಅಧಿಕಾರಿಯು ಮೊದಲು ಕೇಳುವುದು ಉಪನೋಂದಣಾಧಿಕಾರಿಯ ಸಹಿಯುಳ್ಳ ಒಂದು ಹಾಳೆಯ ವಿವಾಹ ನೋಂದಣಿ ಪತ್ರವನ್ನು, ಮತ್ತು ಆಲ್ಬಮ್ಮಿಗೆ ಒಂದು ಲಕ್ಷ ಖರ್ಚು ಮಾಡಿದ ಮನೆಗಳಲ್ಲಿ ಅದೊಂದನ್ನು ಮಾಡಿಸುವುದು ಹಲವೊಮ್ಮೆ ಬಾಕಿ ಉಳಿದಿರುತ್ತದೆ. ಸಂದರ್ಶನಕ್ಕೆ ಹೋಗಬೇಕಾದುದು ಮುಂಬಯಿಗೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತೆಂದು ಸಂಭ್ರಮಿಸಿದವರಿಗೆ, ವೀಸಾ ಕೊಡುವ ಕೆಲಸವೊಂದನ್ನು ಬಿಟ್ಟು ಅದು ಆರಂಭವಾಯಿತೆಂಬ ಸುದ್ದಿ ಅದರ ಹಿಂದೆಯೇ ಬಂದಿತು.

ದಾಖಲೆಗಳ ಅಧ್ಯಾಯದಲ್ಲಿ ನ್ಯಾಮತಿಗೆ ವಿಶಿಷ್ಟವಾದ ಇನ್ನೊಂದು ತೊಡಕಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಯಿತು. ಹೀಗಾಗಿ 1995ರಲ್ಲಿ ಹುಟ್ಟಿದ ಹುಡುಗಿಯ ಜನನ ಪ್ರಮಾಣಪತ್ರದಲ್ಲಿ ಶಿವಮೊಗ್ಗ ಜಿಲ್ಲೆ ಹೊನ್ನಾಳಿ ತಾಲ್ಲೂಕು, ಶಾಲೆಯ ವರ್ಗಾವಣೆ ಪತ್ರದಲ್ಲಿ ದಾವಣಗೆರೆ ಜಿಲ್ಲೆ ಹೊನ್ನಾಳಿ ತಾಲ್ಲೂಕು, ಈಚಿನ ವಾಸಸ್ಥಳ ಪತ್ರದಲ್ಲಿ ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕು ಎಂದಿರುತ್ತದೆ. ಅವಳ ತಂದೆಯದು 1973ರ ನವೆಂಬರಿಗೆ ಮುಂಚಿನ ದಾಖಲೆಯಾದರೆ ರಾಜ್ಯವೇ ಬೇರೆಯಾಗಿ ಮೈಸೂರೆಂದಿರುತ್ತದೆ. ಮನೆ ಬದಲಿಸದೆ, ಮಂಚವನ್ನೂ ಸರಿಸದೆ ಇಷ್ಟು ವಲಸೆ ಹೋದ ಕುಟುಂಬಕ್ಕೆ ವಲಸೆ ವೀಸಾ ಕೊಡಲು ಅಧಿಕಾರಿ ಹಿಂಜರಿದರೆ ಅದು ವಿಧಿಯ ವ್ಯಂಗ್ಯ. ಹಿರಿಯರ ಪೈಕಿ ಬಹುಮಂದಿಯ ಜನ್ಮದಿನವನ್ನು ಶಾಲೆಗೆ ಸೇರಿಸಿಕೊಂಡ ಹೆಡ್‌ಮಾಸ್ತರರು ಜೂನ್ 1 ಎಂದು ನಿಗದಿಪಡಿಸಿದ್ದು, ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹುಟ್ಟಿದ ದಾಂಪತ್ಯಗಳ ಬಗ್ಗೆ ಪರದೇಶದವರು ಆಶ್ಚರ್ಯಪಡುವುದು ಸಹಜ.

ಇತರ ದೇಶಗಳ ಬಾಗಿಲುಗಳನ್ನು ಸಂಕ್ಷೇಪವಾಗಿ ನೋಡಬಹುದು. ಬ್ರಿಟನ್ನಿನಲ್ಲಿರುವ ಸಂಗಾತಿಯು ತೋರಿಸಬೇಕಾದ ವಾರ್ಷಿಕ ಆದಾಯದ ಕನಿಷ್ಠ ಮೊತ್ತ 2012ರಿಂದ 18,600 ಪೌಂಡ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ ಹೊಸ ಅರ್ಜಿಗಳಿಗೆ 29,000 ಪೌಂಡಿಗೆ ಏರಿತು. ಅಲ್ಲಿಯೇ ‘ಮ್ಯಾರೇಜ್ ವಿಸಿಟರ್’ ಎಂಬ ಹೆಸರು ಕೇಳಿ ಮೋಸಹೋಗಬಾರದ ಇನ್ನೊಂದು ವೀಸಾ ಇದ್ದು, ಅದು ಬಂದು ಮದುವೆಯಾಗಲು ಬಿಡುತ್ತದೆ, ಮದುವೆಯಾಗಿ ಉಳಿಯಲು ಬಿಡುವುದಿಲ್ಲ. ಆಸ್ಟ್ರೇಲಿಯವು ಮದುವೆಯಾದವರಿಗೆ 309, ಆಗಲಿರುವವರಿಗೆ 300 ಎಂದು ಅಂಕೆಗಳಲ್ಲೇ ವ್ಯವಹರಿಸುತ್ತದೆ. ಜರ್ಮನಿಯದು ಸ್ವಲ್ಪ ನಿಂತು ನೋಡಬೇಕಾದ ಪ್ರಕರಣ. ಜರ್ಮನ್ ಪ್ರಜೆಯ ಪತ್ನಿಯಾಗಿ ಹೊರಟವಳು ಎ1 ಎಂಬ ಮೊದಲ ಮೆಟ್ಟಿಲಿನ ಜರ್ಮನ್ ಭಾಷಾ ಪರೀಕ್ಷೆಯನ್ನು ಸಾಮಾನ್ಯವಾಗಿ ಹೊರಡುವ ಮುನ್ನವೇ ಪಾಸು ಮಾಡಬೇಕಾದುದರಿಂದ, ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಮದರಂಗಿ ಆರದ ಕೈಗಳು ವ್ಯಾಕರಣ ಬರೆಯುತ್ತವೆ. ಆದರೆ ಬ್ಲೂ ಕಾರ್ಡ್ ಎಂಬ ನುರಿತ ಉದ್ಯೋಗಿಗಳ ಪರವಾನಗಿಯ ಮೇಲೆ ಅಲ್ಲಿರುವ ದಾವಣಗೆರೆಯ ಎಂಜಿನಿಯರನ ಪತ್ನಿಗೆ ಈ ಪರೀಕ್ಷೆಯಿಲ್ಲ. ಜರ್ಮನ್ನನನ್ನು ವರಿಸಿದವಳಿಗೆ ಜರ್ಮನ್ ಬೇಕು, ಕನ್ನಡಿಗನನ್ನು ವರಿಸಿದವಳಿಗೆ ಬೇಡ ಎಂಬ ಈ ನಿಯಮದಲ್ಲಿ ಅನ್ಯಾಯವಿರಬಹುದು, ತರ್ಕವಿಲ್ಲವೆನ್ನಲಾಗದು. ಹಿಂದಿನ ಕಾಲ ಇದಕ್ಕಿಂತ ಸರಳವಾಗಿತ್ತೆಂದು ಭಾವಿಸುವವರು ಅಮೆರಿಕದ 1907ರ ಕಾಯಿದೆಯನ್ನು ನೆನೆಯಬಹುದು. ಅದರ ಪ್ರಕಾರ ಪರಪ್ರಜೆಯನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು.

ಇನ್ನು ಗಂಡೇ ನ್ಯಾಮತಿಯವನಾಗಿ, ಸೊಸೆ ಹೊರಗಿನಿಂದ ಬರುವ ಸಂದರ್ಭ. ವಧೂವರರ ಧರ್ಮ ಬೇರೆಯಾದಲ್ಲಿ 1954ರ ವಿಶೇಷ ವಿವಾಹ ಕಾಯಿದೆಯನ್ನು ಆಶ್ರಯಿಸಬೇಕಾಗಿದ್ದು, ನೋಟಿಸು ಪ್ರಕಟವಾಗಿ 30 ದಿನ ಆಕ್ಷೇಪಣೆಗೆ ಕಾಯಬೇಕು. ಆದ್ದರಿಂದ 30 ದಿನದ ಇ-ಟೂರಿಸ್ಟ್ ವೀಸಾದಲ್ಲಿ ಬಂದವಳ ವೀಸಾವೂ ಆಕ್ಷೇಪಣೆಯ ಅವಧಿಯೂ ಜೊತೆಜೊತೆಗೆ ಮುಗಿಯುವ ಲೆಕ್ಕವನ್ನು ಮೊದಲೇ ಹಾಕಿ, ಹೆಚ್ಚು ಅವಧಿಯ ವೀಸಾ ತರಿಸುವುದು ಜಾಣತನ. ವಿದೇಶಿಯರು ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದ್ದು, ಊರಿಗೆ ತಿಳಿಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಮದುವೆಯ ನಂತರ ಭಾರತೀಯರ ಸಂಗಾತಿಗೆ ಸಲ್ಲುವುದು ಎಕ್ಸ್ ಎಂಬ ಪ್ರವೇಶ ವೀಸಾ. ಮದುವೆ ನೋಂದಣಿಯಾಗಿ ಎರಡು ವರ್ಷ ಎಡೆಬಿಡದೆ ಬಾಳಿದ ಮೇಲೆ ಓಸಿಐ ಎಂಬ ಸಾಗರೋತ್ತರ ನಾಗರಿಕ ಕಾರ್ಡು, ವಿಚ್ಛೇದನವಾದರೆ ಅದೂ ರದ್ದಾಗಬಲ್ಲದು. ಏಳು ವರ್ಷ ಇಲ್ಲಿಯೇ ವಾಸಿಸಿದ ಮೇಲೆ ತನ್ನ ದೇಶದ ಪೌರತ್ವವನ್ನು ಬಿಡಲು ಸಿದ್ಧಳಿದ್ದರೆ ಭಾರತದ ಪೌರತ್ವಕ್ಕೆ ಅರ್ಜಿ. ಓಸಿಐ ಕಾರ್ಡಿನಿಂದ ಆಜೀವ ವೀಸಾ ದೊರೆತರೂ ಮತದಾನದ ಹಕ್ಕಾಗಲಿ, ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವ ಹಕ್ಕಾಗಲಿ ಸಿಗುವುದಿಲ್ಲ. 2020ರ ತಿದ್ದುಪಡಿಯ ನಂತರ, ಅಡಿಕೆಗೂ ತೆಂಗಿಗೂ ವ್ಯತ್ಯಾಸ ತಿಳಿಯದ ಬೆಂಗಳೂರಿನವರು ಕೂಡ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಹುದಾಗಿರುವಾಗ, ಅಡಿಕೆ ಸುಲಿಯಲು ಕಲಿತು, ಸಿಪ್ಪೆಗೋಟು ಎಂಬ ಅಡಿಕೆಯ ದರ್ಜೆಯನ್ನು ಗುರುತಿಸುವ ಮಟ್ಟಕ್ಕೆ ಬಂದ ಓಸಿಐ ಸೊಸೆಗೆ ಆ ಅವಕಾಶವಿಲ್ಲ. ಉತ್ತರಾಧಿಕಾರದಿಂದ ಬಂದರೆ ಮಾತ್ರ ಅಡ್ಡಿಯಿಲ್ಲವೆಂದು ವಿದೇಶಿ ವಿನಿಮಯ ನಿಯಮಗಳು ಹೇಳುವುದರಿಂದ, ತೋಟಕ್ಕೆ ಅವಳಿಗಿರುವ ದಾರಿ ಅತ್ತೆ ಮಾವಂದಿರ ಪ್ರೀತಿಯೊಂದೇ. ಈ ಒಂದು ವಿಷಯದಲ್ಲಿ ಅವಳಿಗೂ ಪಕ್ಕದ ಸುರಹೊನ್ನೆಯಿಂದ ತಂದ ಸೊಸೆಗೂ ಹೆಚ್ಚಿನ ಭೇದವಿಲ್ಲ.