ಪದನಾಮ ಮಹಿಮೆ: ಹೊಸೂರು ಸೀಮೆಯ ಒಂದು ಶಾಸ್ತ್ರೀಯ ವಿವೇಚನೆ

ಸಂಬಳಕ್ಕೆ ಚಿಕ್ಕಾಸೂ ಸೇರಿಸದೆ, ಪಕ್ಕದ ಮೇಜಿನವರ ಬೆನ್ನು ಬಗ್ಗಿಸಬಲ್ಲ ವಸ್ತುವೇ ಪದನಾಮ. ಇದು ಈ ಶಾಸ್ತ್ರದ ಮೊದಲ ಸೂತ್ರ.

ಪ್ರಯೋಗಕ್ಕೆಂದು ಪಂಡಿತರು ತಮಿಳುನಾಡಿನ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವನ್ನು ಆರಿಸಿಕೊಂಡಿದ್ದಾರೆ. ಲಾರಿ, ಬೈಕು, ಕೈಗಡಿಯಾರ ಎಲ್ಲ ತಯಾರಾಗುವ ಈ ಜಾಗದಲ್ಲಿ ಗೌರವ ಕೊಡುವುದಕ್ಕೂ ಕಸಿಯುವುದಕ್ಕೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅನುಕೂಲವಿದೆ. ಯಾವುದಾದರೂ ಕಾರ್ಖಾನೆಯ ಟೀ ಕೌಂಟರಿನ ಹತ್ತಿರ ನಿಂತು ನೋಡಿ. ನಿನ್ನೆಯವರೆಗೆ ಟ್ರೈನಿಯಾಗಿದ್ದವನಿಗೆ ಸಿಗುತ್ತಿದ್ದದ್ದು, ‘ಲೋ, ಕ್ಯೂನಲ್ಲಿ ನಿಲ್ಲೋ!’ ಜೂನಿಯರ್ ಎಕ್ಸಿಕ್ಯುಟಿವ್ ಎಂಬ ಆರ್ಡರ್ ಕೈಗೆ ಬಂದ ಸಂಜೆಯೇ, ‘ಬನ್ನಿ ಸಾರ್, ನಿಮ್ದು ಸಕ್ಕರೆ ಕಮ್ಮಿ ಅಲ್ವಾ?’ ಮೆಷೀನು ಅದೇ, ಶಿಫ್ಟು ಅದೇ, ಮೊಣಕೈಗೆ ಮೆತ್ತಿದ ಗ್ರೀಸೂ ಅದೇ. ಸಕ್ಕರೆ ಕಾಯಿಲೆಯೊಂದು ಮಾತ್ರ ಹೊಸದು, ಸಹೋದ್ಯೋಗಿಗಳು ದಯಪಾಲಿಸಿದ್ದು.

ಎರಡನೆಯ ಸೂತ್ರ: ಹುದ್ದೆ ಹೋದರೆ ನಮಸ್ಕಾರವೂ ಹೋಯಿತು. 1980ರ ನವೆಂಬರಿನಲ್ಲಿ ಎಂ.ಜಿ.ಆರ್. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ತಮಿಳುನಾಡಿನ ಹಳ್ಳಿಗಳ ಮುನಸೀಫ, ಕರಣಂ ಹುದ್ದೆಗಳನ್ನು ರದ್ದುಮಾಡಿತು. ಆ ಜಾಗಕ್ಕೆ ಗ್ರಾಮ ಆಡಳಿತಾಧಿಕಾರಿ, ಜನರ ಬಾಯಲ್ಲಿ ‘ವಿಎಓ’, ಬಂದರು. ಪಟ್ಟಾಕ್ಕೆಂದು, ಸರ್ಟಿಫಿಕೇಟಿಗೆಂದು ಮುನಸೀಫರ ಜಗಲಿಯಲ್ಲಿ ಕಾಯುತ್ತಿದ್ದವರು ಕೈಮುಗಿದ ಭಂಗಿಯಲ್ಲೇ ಎದ್ದು ಹೊಸ ಆಫೀಸಿನ ಕಡೆ ನಡೆದರು.

ಈ ಸೂತ್ರವನ್ನು ಕೆಡಿಸಿದವರೂ ಇದೇ ಸೀಮೆಯವರೇ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, ಮುನಸೀಫರ ಮಗನಾಗಿ 1878ರಲ್ಲಿ ಹುಟ್ಟಿದ ರಾಜಾಜಿ 1948ರಲ್ಲಿ ಗವರ್ನರ್ ಜನರಲ್ ಆದರು. ಆಗ ಕಾಗದದ ಮೇಲೆ ನೆಹರೂ ಸಂಪುಟವೇ ಅವರಿಗೆ ಸಲಹೆ ಕೊಡುವ ಮಂಡಳಿ. 1950ರಲ್ಲಿ ಅದೇ ನೆಹರೂ ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿ. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿ. ಅದಕ್ಕಾಗಿ ರಾಜ್ಯಪಾಲರಿಂದ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಬೇರೆ. ಎಚ್‌ಆರ್ ವಿಭಾಗದ ಪಟ್ಟಿಯಲ್ಲಿ ಇದು ಶುದ್ಧ ಹಿಂಬಡ್ತಿ. ಆದರೂ 1954ರಲ್ಲಿ ಭಾರತರತ್ನ ಪಡೆದ ಮೊದಲ ಮೂವರಲ್ಲಿ ಅವರೊಬ್ಬರು. ಪಂಡಿತರು ಈ ಪುಟವನ್ನು ಸದ್ದಿಲ್ಲದೆ ಅನುಬಂಧಕ್ಕೆ ತಳ್ಳಿದ್ದಾರೆ.

ಪದನಾಮದ ಈ ಶಾಸ್ತ್ರಕ್ಕೆ ಸುಪ್ರೀಂ ಕೋರ್ಟಿನದಂತೂ ದೊಡ್ಡ ತಕರಾರು. ನೌಕರ ಕಾರ್ಮಿಕನೋ ಅಲ್ಲವೋ ಎಂದು ತೀರ್ಮಾನಿಸಲು ಅವನ ಮುಖ್ಯ ಕೆಲಸವನ್ನು ನೋಡಬೇಕು, ನಡುನಡುವೆ ಒಂದಿಷ್ಟು ಮೇಲ್ವಿಚಾರಣೆ ಮಾಡಿದರೆ ಅವನೇನೂ ಅಧಿಕಾರಿಯಾಗುವುದಿಲ್ಲ ಎಂದು 1985ರ ಸೀಬಾ ಗೈಗಿ ಪ್ರಕರಣದಲ್ಲಿ ಅದು ಹೇಳಿಬಿಟ್ಟಿತು.

ಆ ತೀರ್ಪನ್ನು ಟೀ ಕೌಂಟರಿನಲ್ಲಿ ಅಂಟಿಸಬೇಕೆಂಬ ಸಲಹೆ ಪಂಡಿತರ ಮುಂದಿದೆ. ಅದಕ್ಕೆ ರುಜು ಹಾಕಬೇಕಾದವರು ಅಸಿಸ್ಟೆಂಟ್ ಮ್ಯಾನೇಜರೋ ಡೆಪ್ಯುಟಿ ಮ್ಯಾನೇಜರೋ ಎಂಬುದು ಇತ್ಯರ್ಥವಾಗದೆ ಫೈಲು ಇಬ್ಬರ ಮೇಜಿನ ನಡುವೆ ಓಡಾಡುತ್ತಿದೆ.