ಬೆಳ್ಳಿ ಗಂಗಾಳದ ಕಾಕಾ

ನಮ್ಮ ಸೀಮೆಯಲ್ಲಿ ಬಂಗಾರದ ಮಾತೇ ಮಾತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ; ಮಸ್ಕಿಯ ಅಶೋಕನ ಶಾಸನವೂ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ. ಇಂಥ ನೆಲದಲ್ಲೂ ಬೆಳ್ಳಿಯ ಪಕ್ಷ ಹಿಡಿದವರು ಊರಿಗೊಬ್ಬರಾದರೂ ಇರುತ್ತಾರೆ. ಉಳಿದ ಮಂದಿ ಬೆಳ್ಳಿ ಸಾಮಾನನ್ನು ಲಾಕರಿನಲ್ಲಿಟ್ಟು ಲಕ್ಷ್ಮೀಪೂಜೆಗೆ ಹೊರತೆಗೆದರೆ, ಇವರು ದಿನಾ ಅದರಲ್ಲೇ ಉಣ್ಣುತ್ತಾರೆ, ಅದರಲ್ಲೇ ಕುಡಿಯುತ್ತಾರೆ, ಬಂದವರಿಗೂ ಕುಡಿಸುತ್ತಾರೆ. ಆ ಕೊನೆಯದೇ ತಾಪತ್ರಯ.

ನನ್ನ ಪಾಲಿಗೆ ಬಂದವರು ಜವಳಗೇರಾದ ಕಾಕಾ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ರಸ್ತೆಯ ಮೇಲೇ ಊರು, ತಪ್ಪಿಸಿಕೊಳ್ಳಲು ಅಡ್ಡದಾರಿ ಇಲ್ಲ. "ಬಾರೋ ತಮ್ಮಾ, ಚಾ ಕುಡದು ಹೋಗು" ಎಂದರೆ ಹೋಗಲೇಬೇಕು.

ಶಾಖವನ್ನು ಬೆಳ್ಳಿಯಷ್ಟು ಚುರುಕಾಗಿ ಸಾಗಿಸುವ ಲೋಹ ಮತ್ತೊಂದಿಲ್ಲ. ತಾಮ್ರಕ್ಕೂ ಎರಡನೆಯ ಸ್ಥಾನ. ಕುದಿಯುವ ಚಾ ಬೆಳ್ಳಿ ಗಿಲಾಸಿಗೆ ಬಿದ್ದದ್ದೇ ತಡ, ಅಂಚಿನವರೆಗೆ ಅದೇ ಕಾವು. ಹಿಡಿಯಲು ಕಿವಿ ಇಲ್ಲ, ಇಡಲು ಟೇಬಲ್ ಇಲ್ಲ. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಅಂಗಿಯ ಚುಂಗಿಗೆ ನಾನು ದಾಟಿಸುತ್ತಿದ್ದರೆ ಎದುರಿಗೆ ಕಾಕಾ, "ಕುಡಿ ಕುಡಿ, ಆರಿದ್ರ ಮಜಾ ಇಲ್ಲ" ಎನ್ನುತ್ತ ತಮ್ಮ ಗಿಲಾಸನ್ನು ಬರಿಗೈಯಲ್ಲಿ ಹಿಡಿದಿರುತ್ತಾರೆ. ಅವರ ಬೆರಳಲ್ಲಿ ಜೀವ ಇದೆಯೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ನಾನು ಹೀಗೆ ಬೇಯುವಾಗಲೇ ಅವರ ಅಜ್ಜನ ಕತೆ ಶುರುವಾಗುತ್ತದೆ. ನಿಜಾಮರ ಕಾಲ, ಅಜ್ಜ ಶೇಂಗಾ ಮಾರಿದ್ದು, ಬಂದ ಹಾಲಿ ಸಿಕ್ಕಾ ರೂಪಾಯಿಗಳನ್ನು ಪತ್ತಾರನ ಮುಂದೆ ಸುರಿದು ಗಂಗಾಳ, ಚರಿಗಿ, ಗಿಲಾಸು ಮಾಡಿಸಿದ್ದು. ಚಾರ್ಮಿನಾರ್ ಚಿತ್ರದ ಆ ರೂಪಾಯಿ ಹನ್ನೊಂದು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತಿತ್ತು, ಬೆಳ್ಳಿ ನೂರಕ್ಕೆ 82ರ ಆಸುಪಾಸು ಎಂದು ಒಮ್ಮೆ ಬಾಯಿ ಹಾಕಿದೆ. "ಅದು ನಿಮ್ಮ ಪುಸ್ತಕದಾಗ. ನಮ್ಮಜ್ಜ ತಗೊಂಡಿದ್ದು ನೂರಕ್ಕ ನೂರು" ಅಂದರು. ಅಪ್ಪಟ ಬೆಳ್ಳಿ ಮೆತ್ತಗೆ, ಬೆರಕೆಯ ದೆಸೆಯಿಂದಲೇ ಈ ಗಂಗಾಳ ಇಷ್ಟು ಕಾಲ ತಡೆದಿದೆ ಎಂದು ನಾಲಿಗೆ ಸುಟ್ಟುಕೊಂಡವನು ಹೇಗೆ ವಾದಿಸಲಿ?

ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸುತ್ತಲೆಲ್ಲ ಭತ್ತವಾಗಿದೆ. ಕಾಕಾನ ಗಂಗಾಳಕ್ಕೆ ಮಾತ್ರ ಇನ್ನೂ ಜೋಳದ ರೊಟ್ಟಿ, ಪುಂಡಿಪಲ್ಯ. ಆದರೆ ಉಳ್ಳಾಗಡ್ಡಿ? ಅದಕ್ಕೆ ಬೇರೆ ಸ್ಟೀಲಿನ ತಾಟು. ಗಂಧಕ ತಾಕಿದರೆ ಬೆಳ್ಳಿ ಕಪ್ಪಾಗುತ್ತದೆ, ಸರಿ. ತತ್ತಿಗೂ ಅದೇ ಕಾನೂನು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಉಳ್ಳಾಗಡ್ಡಿಗಾಗಿ ಮೊಳ ದೂರ ಕೈ ಚಾಚುವ ಊಟ ರಾಯಚೂರು ಜಿಲ್ಲೆಯಲ್ಲಿ ಮತ್ತೆಲ್ಲೂ ಇರಲಾರದು. ಉಂಡ ಮೇಲೆ ಲೆಕ್ಕ. "ಯಾರ ಮ್ಯಾಲೂ ಅನುಮಾನಿಲ್ಲ" ಎನ್ನುತ್ತಲೇ ಬಾಗಿಲಿಗೆ ಅಡ್ಡ ಕೂತು ಬಟ್ಟಲು ಎಣಿಸುತ್ತಾರೆ. 2024ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಮೇಲೆ ಎರಡು ಸಲ.

ಆದರೂ ಲಾಕರಿನವರ ಬೆಳ್ಳಿ ತೆಗೆದಾಗಲೆಲ್ಲ ಕಪ್ಪಿಟ್ಟಿರುತ್ತದೆ, ಇವರದು ಬೆಳ್ಳಗಿರುತ್ತದೆ. ದಿನಾ ಕೈ ಆಡುತ್ತದಲ್ಲ. ಬೆಂಗಳೂರಿನ ಮಗ ತಂದುಕೊಟ್ಟ ಹೊಸ ಬಟ್ಟಲುಗಳು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇವೆ. "ಅವು ಇನ್ನಾ ಹುಟ್ಟಿಲ್ಲ ಬಿಡು" ಎನ್ನುತ್ತಾರೆ ಕಾಕಾ. ಚರಿಗಿಯ ಕೊರಳಿನಲ್ಲಿ ಅವರ ಅಜ್ಜಿಯ ತವರಿನವರು ಚುಕ್ಕಿ ಹೊಡೆದು ಬರೆಸಿದ ಹೆಸರಿತ್ತಂತೆ. ತಿಕ್ಕಿ ತಿಕ್ಕಿ ಈಗ ಒಂದು ಕೊಂಬು, ಒಂದು ದೀರ್ಘ ಉಳಿದಿದೆ. ಕಾಕಾ ಅದರ ಮೇಲೆ ಬೆರಳಾಡಿಸಿ ಇಡೀ ಹೆಸರು ಓದುತ್ತಾರೆ. ಆಗ ಅವರ ಮೇಲೆ ಸಿಟ್ಟು ಮಾಡುವುದು ಕಷ್ಟ.

ತಿಕ್ಕುವ ಕೈ ಮಾತ್ರ ಕಾಕಾನದಲ್ಲ, ಚಿಗವ್ವನದು. ದಿನಾ ವಿಭೂತಿ ಹಚ್ಚಿ, ಅರಿವೆಯಿಂದ ಒರೆಸಿ ಇಡುತ್ತಾಳೆ. ಮೊನ್ನೆ ನೀರು ಕೇಳಲು ಅಡಿಗೆಮನೆಗೆ ಹೋದೆ. ಒಲೆಯ ಪಕ್ಕ ಕೂತು ಪಿಂಗಾಣಿ ಬಸಿಯಲ್ಲಿ ಆರಾಮಾಗಿ ಚಾ ಸುರಿಯುತ್ತಿದ್ದಳು.

"ಏನ್ ಚಿಗವ್ವಾ, ಬೆಳ್ಳಿದಾಗಲ್ಲ?"

"ನನಗೇನ್ ಹುಚ್ಚ ಹಿಡದೈತೇನ? ಬಾ ಕುಂದ್ರು, ನಿನಗೂ ಬಸಿದಾಗ ಹಾಕ್ತೀನಿ. ಬಾಗಿಲಾ ಮುಂದ ಮಾಡು ಮದ್ಲ."