ಕಬಡ್ಡಿಯಲ್ಲಿ ಶಾಸ್ತ್ರೋಕ್ತವಾಗಿ ಬೀಳುವ ವಿಧಾನ

ಕೋಲಾರ ಸೀಮೆಯಲ್ಲಿ ಎಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆದರೂ ಬೀಳುವವರಿಗೆ ಬರವಿಲ್ಲ. ಆದರೆ ಹೆಚ್ಚಿನವರು ಆಕಸ್ಮಿಕವಾಗಿ ಬೀಳುತ್ತಾರೆ. ನೀವು ಲೆಕ್ಕಾಚಾರದಿಂದ ಬೀಳಿ. ಭೌತಶಾಸ್ತ್ರ ನಿಮ್ಮ ಕೈ ಬಿಡುವುದಿಲ್ಲ.

ಮೊದಲು ನಿಲ್ಲುವುದನ್ನು ಕಲಿಯಿರಿ. ಪಾದ ಜೋಡಿಸಿ, ಮೊಣಕಾಲು ಬಿಗಿದು, ಎದೆಯುಬ್ಬಿಸಿ ನಿಲ್ಲಿ. ನೆಟ್ಟಗೆ ನಿಂತವರ ಗುರುತ್ವ ಕೇಂದ್ರ ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿರುತ್ತದೆ. ಅಲ್ಲಿಂದ ಇಳಿಬಿಟ್ಟ ಲಂಬರೇಖೆ ಪಾದಗಳ ಆವರಣದೊಳಗೆ ಇರುವವರೆಗೆ ನೀವು ನಿಂತಿರುತ್ತೀರಿ. ಆಚೆ ಹೋಯಿತೋ, ಮಣ್ಣು ಮುಕ್ಕುತ್ತೀರಿ. ಆದ್ದರಿಂದ ಆ ಆವರಣವನ್ನು ಆದಷ್ಟು ಕಿರಿದಾಗಿಸಿ. ಕಾಲಗಲಿಸಿ, ಮೊಣಕಾಲು ಬಾಗಿಸಿ ನಿಂತರೆ ಫೋಟೋದಲ್ಲಿ ಕುಳ್ಳಗೆ ಕಾಣುತ್ತೀರಿ.

ಆಟಕ್ಕೆ ಮುನ್ನ ಮೈ ಬಿಸಿ ಮಾಡಬೇಡಿ. ಮುಖ್ಯ ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಅದು ಹೇಗೂ ಆರಿಹೋಗುತ್ತದೆ. ಆ ಹೊತ್ತನ್ನು ಊಟಕ್ಕೆ ಬಳಸಿ. ಮುಳಬಾಗಿಲಿನಲ್ಲಿ ಪಂದ್ಯವಿದ್ದರೆ ತುಪ್ಪದ ದೋಸೆ, ಶ್ರೀನಿವಾಸಪುರದಲ್ಲಿ ಬೇಸಿಗೆಯಾದರೆ ಮಾವಿನಹಣ್ಣು. ತೂಕ ಹೆಚ್ಚಿದಷ್ಟೂ ಜಡತ್ವ ಹೆಚ್ಚು. ಜಡತ್ವ ಹೆಚ್ಚಿದಷ್ಟೂ ಓಟದ ದಿಕ್ಕು ಬದಲಿಸುವುದು ಕಷ್ಟ.

ಅಂಕಣಕ್ಕೆ ಧಾರಾಳವಾಗಿ ನೀರು ಹಾಕಿಸಿ. ಧೂಳು ಅಡಗುವಷ್ಟು ಸಾಲದು. ಮಾಲೂರಿನಲ್ಲಿ ಇಟ್ಟಿಗೆಗೆ ಕಲಸುವಂಥ ಜೇಡಿಮಣ್ಣಾದರೆ ಇನ್ನೂ ಒಳ್ಳೆಯದು. ಪಾದಕ್ಕೂ ನೆಲಕ್ಕೂ ಘರ್ಷಣೆ ಇಲ್ಲದಿದ್ದರೆ ಓಡಲೂ ಆಗದು, ನಿಲ್ಲಲೂ ಆಗದು.

ಈಗ ರೈಡಿಗೆ ಹೋಗಿ. ಪುರುಷರ ಅಂಕಣದ ಅರ್ಧ ಭಾಗದ ಉದ್ದ 6.5 ಮೀಟರ್; ನಿಮಗಿರುವ ಸಮಯ 30 ಸೆಕೆಂಡ್. ಹೆಜ್ಜೆ ಚಿಕ್ಕದು ಮಾಡದೆ ಪೂರ್ತಿ ವೇಗದಲ್ಲಿ ನುಗ್ಗಿ. ತೂಕ ಮತ್ತು ವೇಗ ಸೇರಿ ಹುಟ್ಟಿದ ಸಂವೇಗವೇ ನಿಮ್ಮನ್ನು ಹಿಂದಿನ ಗೆರೆ ದಾಟಿಸುತ್ತದೆ. ಎದುರಾಳಿ ಮುಟ್ಟುವ ಮೊದಲೇ ಔಟಾಗಿ ಸ್ವಾವಲಂಬನೆ ಮೆರೆಯಿರಿ.

ಎದುರು ಆರೇಳು ಮಂದಿ ಇದ್ದರೆ ಬೋನಸ್‌ಗೆ ಆಸೆಪಡಿ. ನಡುಗೆರೆಯಿಂದ 4.75 ಮೀಟರ್ ದೂರದ ಆ ಗೆರೆಯಾಚೆ ಒಂದು ಕಾಲಿಡಿ, ಇನ್ನೊಂದನ್ನು ಎತ್ತಿ. ಈಗ ನಿಮ್ಮ ಇಡೀ ದೇಹಕ್ಕೆ ಒಂದೇ ಪಾದ ಆಧಾರ. ಅಂತರಗಂಗೆ ಬೆಟ್ಟದ ಕೋತಿ ಬಂಡೆಯಿಂದ ಬಂಡೆಗೆ ಹಾರುವಾಗ ಬಾಲದಿಂದ ತೂಕ ಸರಿದೂಗಿಸುತ್ತದೆ. ಮನುಷ್ಯರಿಗೆ ಆ ಕೆಲಸವನ್ನು ತೋಳು ಮಾಡಿಕೊಡುತ್ತದೆ. ಹಾಗಾಗಿ ತೋಳುಗಳನ್ನು ಆ ಕೆಲಸದಿಂದ ಬಿಡಿಸಿ, ಊರಿನವರತ್ತ ಬೀಸಿ.

ಹಿಡಿಯುವ ಸರದಿ ಬಂದಾಗ ಬಾಗಬೇಡಿ. ಓಡುವವರ ಕಣಕಾಲು ಹಿಡಿದರೆ ಪಾದ ನಿಲ್ಲುತ್ತದೆ, ಮುಂಡ ಮುಂದಕ್ಕೆ ಹೋಗುತ್ತದೆ, ಆಸಾಮಿ ಉರುಳುತ್ತಾನೆ. ಅಷ್ಟು ಸುಲಭದ ಕೆಲಸ ನಿಮ್ಮ ಘನತೆಗೆ ತಕ್ಕದ್ದಲ್ಲ. ಜೊತೆಗಾರರ ಕೈ ಬಿಡಿಸಿಕೊಂಡು ಒಬ್ಬರೇ ಹೋಗಿ ಹೆಗಲಿಗೆ ಕೈ ಹಾಕಿ. ಆತ ತಲೆ ತಗ್ಗಿಸಿದರೆ ನೀವು ಗಾಳಿಯನ್ನು ತಬ್ಬಿಕೊಳ್ಳುತ್ತೀರಿ.

ಬೀಳುವಾಗ ಕೈ ನೆಟ್ಟಗೆ ಚಾಚಿ, ಮೊಣಕೈ ಬಿಗಿಹಿಡಿದು, ಅಂಗೈಯಿಂದ ಭೂಮಿಯನ್ನು ತಡೆಯಿರಿ. ಸಂವೇಗ ಎಷ್ಟು ಕಡಿಮೆ ಸಮಯದಲ್ಲಿ ಶೂನ್ಯವಾಗುತ್ತದೋ ಪೆಟ್ಟು ಅಷ್ಟು ಜೋರು. ಭುಜದ ಮೇಲೆ ಉರುಳಿದರೆ ಸಮಯ ಹಿಗ್ಗಿ ಪೆಟ್ಟು ಹಂಚಿಹೋಗುತ್ತದೆ. ಅದರಿಂದ ಯಾರ ಅನುಕಂಪವೂ ಸಿಗದು. ಎಕ್ಸ್‌ರೇಗೆ ಹೋಗಬೇಡಿ. ಗಡಿಯಾಚೆ ಮುರಿದ ಮೂಳೆಗೆ ಪುತ್ತೂರು ಕಟ್ಟು ಹಾಕುತ್ತಾರೆ. ದಾರಿಯುದ್ದಕ್ಕೂ ಅಂಕಣದ ಓರೆಕೋರೆಯನ್ನೂ ಅಂಪೈರನ್ನೂ ಬೈಯುತ್ತ ಹೋಗಿ.

ಕೈಗೆ ಕಟ್ಟು ಬಿದ್ದ ಮೇಲೆ ಕೋಚ್ ಆಗಿ. ಗೆರೆಯಾಚೆ ಕುರ್ಚಿ ಹಾಕಿಸಿಕೊಂಡು ಹಿಂದಕ್ಕೊರಗಿ ಕೂಗಾಡಿ. ಕುರ್ಚಿಗೆ ನಾಲ್ಕು ಕಾಲಿವೆ. ಇಷ್ಟು ಅಗಲದ ಆಧಾರ ಆಟದಲ್ಲಿ ನಿಮಗೆ ಎಂದೂ ಸಿಕ್ಕಿರಲಿಲ್ಲ.